ಮೊದಲು ಬಣ್ಣ, ಆಮೇಲೆ ತೂಕ

ನಮ್ಮೂರಿಗೆ ಮಳೆ ಹೇಗೆ ಬರುತ್ತದೋ ಕಾಯ್ದೆಯೂ ಹಾಗೆಯೇ ಬರುತ್ತದೆ. ರಾಜಧಾನಿಯಲ್ಲಿ ನಾಲ್ಕು ಜನ ಮೇಜು ಕುಟ್ಟಿ ಒಪ್ಪಿದರೆ ಸಾಕು, ಮಾರನೆಯ ಬೆಳಿಗ್ಗೆ ಇಲ್ಲಿ ಅದು ಆಗಿಯೇ ಇರುತ್ತದೆ. ಹೇಳುವುದಕ್ಕೆ ಪೊಲೀಸರು ಬೇಡ, ನೋಡುವುದಕ್ಕೆ ಅಧಿಕಾರಿ ಬೇಡ. ಅಂಗಡಿಯ ಬೋರ್ಡು ರಸ್ತೆಗೆ ಚಾಚಬಾರದು ಎಂದು ಕಾಯ್ದೆಯಾದ ವರ್ಷ, ಬೆಳಗಾಗೆದ್ದು ನೋಡಿದರೆ ಪೇಟೆಬೀದಿಯ ಬೋರ್ಡುಗಳೆಲ್ಲ ಬೈಸಿಕೊಂಡ ನಾಯಿಯ ಕಿವಿಯಂತೆ ಹಿಂದಕ್ಕೆ ಮಡಚಿ ಗೋಡೆಗೆ ಅಂಟಿಕೊಂಡಿದ್ದವು. ರಾತ್ರಿ ಹತ್ತು ಗಂಟೆಯ ಮೇಲೆ ಸದ್ದು ಮಾಡಬಾರದು ಎಂದಾದಾಗ ಕ್ಷೌರದ ತೋಪಯ್ಯನ ಗೊರಕೆ ನಿಂತುಹೋಯಿತು. ಅವನ ಹೆಂಡತಿ ಮೊದಲ ದಿನ ಅವನ ಮೂಗಿನ ಹತ್ತಿರ ಕೈಯಿಟ್ಟು ಇಟ್ಟು ನೋಡಿದಳಂತೆ. ಎರಡನೆಯ ದಿನ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದಳು.

ನನ್ನ ಹೆಸರು ಮುದ್ದಮ್ಮ. ಊರವರು ಕರೆಯುವುದು ಕಾಯ್ದೆ ಮುದ್ದಕ್ಕ ಅಂತ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನನ್ನದೊಂದು ಬೋಂಡದ ಅಂಗಡಿ. ನಾನು ಶಾಲೆಯಲ್ಲಿ ಓದಿದ್ದು ಐದನೇ ಕ್ಲಾಸಿನವರೆಗೆ, ಉಳಿದದ್ದೆಲ್ಲ ಬೋಂಡ ಕಟ್ಟುವ ಕಾಗದದಲ್ಲಿ. ನಮ್ಮೂರಿಗೆ ಬರುವ ಒಂದೇ ಬಸ್ಸಿನ ಕಂಡಕ್ಟರು ಯಾಕೂಬ್, ರಾಜಧಾನಿಯ ಸರ್ಕಾರಿ ಮುದ್ರಣಾಲಯದ ಹಿಂದೆ ರದ್ದಿ ಮಾರುವವನ ಹತ್ತಿರ ವಾರಕ್ಕೊಂದು ಕಟ್ಟು ತಂದುಕೊಡುತ್ತಾನೆ. ಅದರಲ್ಲಿ ರಾಜ್ಯಪತ್ರ ಇರುತ್ತದೆ, ಮಸೂದೆಗಳ ಕರಡು ಇರುತ್ತದೆ, ಸದನದ ನಡಾವಳಿ ಇರುತ್ತದೆ. ಎಣ್ಣೆ ಕಾಯುವಷ್ಟು ಹೊತ್ತು ಓದಬೇಕು, ಬೋಂಡ ಬೇಯುವಷ್ಟು ಹೊತ್ತು ಯೋಚಿಸಬೇಕು. ಹೀಗೆ ಹದಿನೆಂಟು ವರ್ಷ. ಈಗ "ತತ್ಸಂಬಂಧವಾಗಿ" ಎಂಬ ಮಾತು ಕಂಡರೆ ನನಗೆ ಈರುಳ್ಳಿಯ ವಾಸನೆ ಬರುತ್ತದೆ.

ಕಾಗದ ಓದದಿದ್ದರೂ ಮಸೂದೆ ಎಲ್ಲಿಗೆ ಬಂತು ಎಂದು ನಮ್ಮೂರಲ್ಲಿ ತಿಳಿಯುತ್ತದೆ. ಕಾಯ್ದೆ ಏನನ್ನು ತೆಗೆಯಬೇಕೆಂದಿದೆಯೋ ಆ ವಸ್ತುವಿನಿಂದ, ಸದನದಲ್ಲಿ ಮಂಡನೆಯಾದ ದಿನ ಬಣ್ಣ ಹೋಗುತ್ತದೆ. ಚರ್ಚೆಯಾದ ದಿನ ತೂಕ ಹೋಗುತ್ತದೆ. ಒಪ್ಪಿಗೆಯಾದ ದಿನ ಅದೇ ಹೋಗುತ್ತದೆ. ಆದ್ದರಿಂದ ನಾನು ದಿನಾ ಬೆಳಿಗ್ಗೆ ಬೀದಿಯ ಅಂಗಡಿಗಳನ್ನು ಒಂದು ಸುತ್ತು ಹಾಕಿ, ಯಾವುದಾದರೂ ಮಾಸಿದೆಯೇ, ಯಾವುದಾದರೂ ಹಗುರಾಗಿದೆಯೇ ಎಂದು ಮುಟ್ಟಿ, ಎತ್ತಿ ನೋಡುತ್ತೇನೆ. ಒಂದು ಸಲ ಕುಂಬಾರರ ದೊಡ್ಡ ಗುಡಾಣಗಳು ಮಾತ್ರ ಬಿಳಿಚಿಕೊಂಡಿದ್ದವು. ಮಡಕೆಗಳೆಲ್ಲ ಒಂದೇ ಅಳತೆಯಲ್ಲಿರಬೇಕು ಎಂದು ಯಾರೋ ಮಸೂದೆ ತಂದಿದ್ದರು. ರಾಗಿ ಹಾಕುವ ಗುಡಾಣಕ್ಕೂ ಮೊಸರಿನ ಕುಡಿಕೆಗೂ ವ್ಯತ್ಯಾಸವೇನೆಂದು ನಾಲ್ಕು ಪುಟ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಗುಡಾಣಗಳು ಮೊದಲಿನಂತೆ ಕೆಂಪಗಾದವು. ಅಲ್ಲಿಂದ ಊರಿನ ಅರ್ಜಿಗಳನ್ನೆಲ್ಲ ನಾನೇ ಬರೆಯುವುದು ರೂಢಿಯಾಯಿತು. ಬರೆದುಕೊಟ್ಟದ್ದಕ್ಕೆ ಜನ ಒಂದು ನಿಂಬೆಹಣ್ಣು ಕೈಗಿಟ್ಟು ಹೋಗುತ್ತಾರೆ.

ಈಗ ಹೇಳುತ್ತಿರುವುದು ಹೋದ ವರ್ಷದ ಸಂಗತಿ. ಒಂದು ಬೆಳಿಗ್ಗೆ ನಾನಿನ್ನೂ ಒಲೆ ಹಚ್ಚುತ್ತಿರುವಾಗಲೇ ತೋಪಯ್ಯ ಬಂದು ಎರಡು ಪೊಟ್ಟಣ ನನ್ನ ಮುಂದಿಟ್ಟ. ತೋಪಯ್ಯ ಕ್ಷೌರದ ಜೊತೆಗೆ ತರಕಾರಿ ಬೀಜವನ್ನೂ ಮಾರುತ್ತಾನೆ. ಪೊಟ್ಟಣದ ಮೇಲಿನ ಬದನೆಕಾಯಿ ನೀಲಿ ಕಳೆದುಕೊಂಡು ಬೂದುಗುಂಬಳದ ಹಾಗೆ ಕಾಣುತ್ತಿತ್ತು. ಕತ್ತರಿ ಹೇಗಿದೆ ಎಂದೆ. ಕತ್ತರಿ ಹೊಳೀತೈತೆ ಎಂದ. ಸುತ್ತು ಹೊರಟೆ. ದಿನಸಿ ಅಂಗಡಿಯಲ್ಲಿ ಅಕ್ಕಿ ಬೇಳೆ ಸರಿಯಾಗಿದ್ದವು, ಅದೇ ಅಂಗಡಿಯ ಬಳೆಗಳು ಮಾಸಿದ್ದವು. ಸೈಕಲ್ ಅಂಗಡಿಯಲ್ಲಿ ಟ್ಯೂಬುಗಳು ಕಪ್ಪಗಿದ್ದವು, ಮೂಲೆಯಲ್ಲಿ ಮಾರಾಟಕ್ಕಿಟ್ಟ ಕೊಡೆಗಳು ಬೆಳ್ಳಗಿದ್ದವು. ಎಲ್ಲರದ್ದೂ ಎರಡನೆಯ ವ್ಯಾಪಾರ ಮಾತ್ರ ಬಣ್ಣ ಬಿಟ್ಟಿತ್ತು.

ಕೊನೆಗೆ ಸಾವಂತ್ರಮ್ಮನ ಹಿಟ್ಟಿನ ಗಿರಣಿಗೆ ಹೋದೆ. ಸಾವಂತ್ರಮ್ಮ ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸುತ್ತಿದ್ದಾಳೆ. ಹಿಟ್ಟಿನ ದೂಳಿಗೆ ಅವಳಿಗೆ ಕೆಮ್ಮು ಹಿಡಿದು ಮೂರು ವರ್ಷವಾಗಿತ್ತು. ಆಸ್ಪತ್ರೆಯ ಡಾಕ್ಟರು, ಇನ್ನು ಹೆಚ್ಚು ದಿನ ಈ ದೂಳಿನಲ್ಲಿ ಇರಬೇಡ, ಬೇರೆ ಕೆಲಸ ಹುಡುಕಿಕೋ ಎಂದು ಖಂಡಿತವಾಗಿ ಹೇಳಿದ್ದರು. ಅದಕ್ಕೇ ಅವಳು ಗಿರಣಿಯ ಬಾಗಿಲ ಪಕ್ಕದ ಗಾಳಿಯಾಡುವ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ ಹಾಕಿಕೊಂಡು ರವಿಕೆ ಹೊಲಿಯುವುದನ್ನು ಕಲಿಯುತ್ತಿದ್ದಳು. ಹೊಲಿಗೆ ಕೈಗೆ ಹತ್ತಿ ಗಿರಾಕಿ ಗಟ್ಟಿಯಾದ ಮೇಲೆ ಗಿರಣಿಯನ್ನು ತಮ್ಮನಿಗೆ ಬಿಟ್ಟುಕೊಡುವುದು ಅವಳ ಲೆಕ್ಕಾಚಾರ. ಆದರೆ ಅದಕ್ಕೆ ಇನ್ನೂ ಒಂದೆರಡು ವರ್ಷ ಬೇಕಿತ್ತು, ಅಲ್ಲಿಯವರೆಗೆ ಮನೆ ನಡೆಯುವುದು ಗಿರಣಿಯಿಂದಲೇ.

ಸೀತಾಫಲದ ಬೀಜದ ಹಾಗೆ ಮಿಂಚುತ್ತಿದ್ದ ಆ ಯಂತ್ರ ಬೂದಿ ಬಳಿದಂತಾಗಿತ್ತು. ಸಾವಂತ್ರಮ್ಮ ಅದನ್ನು ಎಣ್ಣೆ ಬಟ್ಟೆಯಿಂದ ಉಜ್ಜುತ್ತ ನಿಂತಿದ್ದಳು. ಉಜ್ಜಿದರೆ ಹೋಗುವುದಲ್ಲ ಎಂದು ಅವಳಿಗೂ ಗೊತ್ತು.

ವಾರದ ರದ್ದಿ ಕಟ್ಟಿನಲ್ಲಿ ಮಸೂದೆ ಸಿಕ್ಕಿತು. "ಒಂದು ಅಂಗಡಿ, ಒಂದು ವ್ಯಾಪಾರ" ಎಂದು ಅದರ ಹೆಸರು. ಒಂದು ಮಳಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ವ್ಯಾಪಾರ ನಡೆಸಿದರೆ ಗಿರಾಕಿಗೆ ಗೊಂದಲವಾಗುತ್ತದೆ, ಪಟ್ಟಿ ಮಾಡುವುದಕ್ಕೆ ಇಲಾಖೆಗೂ ತೊಂದರೆ, ಆದ್ದರಿಂದ ಮುಖ್ಯ ವ್ಯಾಪಾರವೊಂದನ್ನು ಉಳಿಸಿ ಮಿಕ್ಕದ್ದನ್ನು ನಿಲ್ಲಿಸತಕ್ಕದ್ದು. ರಾಜಧಾನಿಯಲ್ಲಿ ಕೂತವರಿಗೆ ಇದು ಸರಿಯಾಗಿಯೇ ಕಂಡಿರಬೇಕು. ಅಲ್ಲಿ ಗುಂಡಿಗಳನ್ನು ಮಾತ್ರ ಮಾರುವ ಅಂಗಡಿಯೂ ಇದೆಯಂತೆ, ಯಾಕೂಬ್ ಕಣ್ಣಾರೆ ನೋಡಿದ್ದಾನೆ. ನಮ್ಮೂರಲ್ಲಿ ಗುಂಡಿ ಮಾತ್ರ ಮಾರಿದರೆ ವರ್ಷಕ್ಕೆ ಎರಡು ಸಲ ಬಾಗಿಲು ತೆಗೆಯಬೇಕಾದೀತು.

ಅವತ್ತೇ ಕೂತು ಆಕ್ಷೇಪಣೆ ಬರೆದೆ. ಒಳ್ಳೆಯ ಕಾಗದ, ಹೊಸ ಪೆನ್ನು, ಹಳ್ಳಿಯ ಅಂಗಡಿಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಬಂತು. ಬರೆಯುವಾಗ ಶಾಯಿ ಸ್ವಲ್ಪ ತೆಳುವಾಗಿದೆ ಅನ್ನಿಸಿತು, ಕಣ್ಣಿನ ದೋಷವಿರಬೇಕು ಎಂದುಕೊಂಡು, ಲಕೋಟೆಯ ಮೇಲಿನ ವಿಳಾಸಗಳನ್ನು ಎಂದಿನಂತೆ ಯಾಕೂಬನಿಂದ ಬರೆಸಿ ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ, ಮತ್ತೊಂದು ಬರೆದೆ. ಅಷ್ಟರಲ್ಲಿ ಚರ್ಚೆಯೂ ಆಗಿಹೋಯಿತು. ಹೇಗೆ ತಿಳಿಯಿತು ಎಂದರೆ, ಸಾವಂತ್ರಮ್ಮ ಬೆಳಿಗ್ಗೆ ಕಸ ಗುಡಿಸುವಾಗ ಪೊರಕೆ ತಾಗಿ ಹೊಲಿಗೆ ಯಂತ್ರ ಗೋಡೆಯವರೆಗೆ ಜಾರಿಕೊಂಡು ಹೋಯಿತು. ಅವಳು ಅದನ್ನು ಎಡಗೈಯಲ್ಲಿ ಬುಟ್ಟಿಯ ಹಾಗೆ ಎತ್ತಿಕೊಂಡು ನನ್ನ ಅಂಗಡಿಗೇ ಬಂದಳು. ನಾವಿಬ್ಬರೂ ಸೇರಿ ಅದನ್ನು ಗಿರಣಿಗೆ ಒಯ್ದು ಒಂದು ಒರಳುಗಲ್ಲಿಗೆ ಕಟ್ಟಿ ಕೂರಿಸಿದೆವು. ಸೈಕಲ್ ಅಂಗಡಿಯವನು ಕೊಡೆಗಳನ್ನು ಹಗ್ಗ ಹಾಕಿ ತೊಲೆಗೆ ಬಿಗಿದ. ತೋಪಯ್ಯನ ಬೀಜ ಮಾತ್ರ ಕ್ಷೌರದಂಗಡಿಯ ತುಂಬ ನೊಣದ ಹಾಗೆ ಹಾರಾಡುತ್ತಿತ್ತು, ಗಿರಾಕಿಗಳು ನೊರೆ ಮುಖದಲ್ಲಿ ಬೀಜ ಅಂಟಿಸಿಕೊಂಡು ಕೂತಿರುತ್ತಿದ್ದರು.

ಆ ವಾರವೇ ರಾಜಧಾನಿಯಿಂದ ಕಾಗದ ಬಂತು. "ತಾವು ಕಳುಹಿಸಿದ ಮೂರು ಖಾಲಿ ಹಾಳೆಗಳು ತಲುಪಿರುತ್ತವೆ. ಮಸೂದೆಯ ಪರಿಶೀಲನಾ ಸಮಿತಿಯು ಒಂದು ಹಳ್ಳಿಯಲ್ಲಿ ವಿಚಾರಣೆ ನಡೆಸಬೇಕೆಂಬ ನಿಯಮವಿರುವುದರಿಂದಲೂ, ಬೇರಾವ ಹಳ್ಳಿಯಿಂದಲೂ ಖಾಲಿ ಹಾಳೆ ಸಹ ಬಾರದಿರುವುದರಿಂದಲೂ, ಸದರಿ ವಿಚಾರಣೆಯನ್ನು ತಮ್ಮ ಊರಿನಲ್ಲಿಯೇ ನಡೆಸಲು ತೀರ್ಮಾನಿಸಲಾಗಿದೆ."

ಓದಿ ನನಗೆ ನಗು ಮೊದಲು ಬಂತು, ಅಳು ಆಮೇಲೆ. ಬೋಂಡ ನನ್ನ ಮೊದಲನೆಯ ವ್ಯಾಪಾರ, ಅರ್ಜಿ ಎರಡನೆಯದು. ಕಾಯ್ದೆ ಆ ನಿಂಬೆಹಣ್ಣುಗಳನ್ನೂ ಲೆಕ್ಕಕ್ಕೆ ಹಿಡಿದಿತ್ತು. ಊರಿನ ಪರವಾಗಿ ಬರೆಯುವ ಕೈ ಒಂದೇ ಇತ್ತು, ಅದರ ಶಾಯಿಯೇ ಹೋಗಿತ್ತು.

ಕಾಗದದ ಜೊತೆ ಒಂದು ಕಟ್ಟು ಫಾರಂ ಇತ್ತು. ಪ್ರತಿ ಅಂಗಡಿಯವರೂ ತಮ್ಮ ಮುಖ್ಯ ವ್ಯಾಪಾರ ಯಾವುದೆಂದು ಸ್ವಂತ ಕೈಯಲ್ಲಿ ಬರೆದು, ಲಕೋಟೆ ಅಂಟಿಸಿ, ವಿಚಾರಣೆಯ ದಿನ ಅಧ್ಯಕ್ಷರ ಕೈಗೆ ಕೊಡಬೇಕು. ಕಾಯ್ದೆ ಒಪ್ಪಿಗೆಯಾದರೆ ಬರೆದದ್ದು ಉಳಿಯುತ್ತದೆ, ಬರೆಯದ್ದು ಹೋಗುತ್ತದೆ. ಎಲ್ಲರನ್ನೂ ಗಿರಣಿಯ ಮುಂದೆ ಸೇರಿಸಿ ಬಿಡಿಸಿ ಹೇಳಿದೆ. ತಪ್ಪು ಮಾಡಿದ್ದು ನಾನೇ. ಮುಖ್ಯ ಅಂದ್ರೆ ಯಾವ್ದಕ್ಕ ಎಂದು ಯಾರೋ ಕೇಳಿದ್ದಕ್ಕೆ ಜಾಣತನದಿಂದ ಒಂದು ಮಾತು ಸೇರಿಸಿದೆ: "ನಿಮ್ಮ ಅಂಗಡಿ ಬಾಗ್ಲು ಹಾಕಿದ್ರೆ ಊರಿಗೆ ಯಾವ್ದು ಇಲ್ದಂಗೆ ಆಗುತ್ತೋ ಅದನ್ನ ಬರೀರಿ." ಎಲ್ಲರೂ ತಲೆಯಾಡಿಸಿ ಫಾರಂ ತೆಗೆದುಕೊಂಡು ಹೋದರು. ನನ್ನ ಅಕ್ಷರ ಕಾಣುತ್ತಿರಲಿಲ್ಲವಾದ್ದರಿಂದ ನನ್ನ ಫಾರಮನ್ನು ಯಾಕೂಬ್ ಬರೆದುಕೊಟ್ಟ. ಬೋಂಡ ಎಂದು ಬರೆಸಿದೆ.

ಸಾವಂತ್ರಮ್ಮ ಮಾತ್ರ ನಾಲ್ಕು ದಿನವಾದರೂ ಬರೆಯಲಿಲ್ಲ. ಐದನೆಯ ದಿನ ಗಿರಣಿಗೆ ಹೋದಾಗ ಫಾರಂ ಹಿಡಿದುಕೊಂಡು ಗೋಡೆಯ ಪಕ್ಕದ ಉದ್ದನೆಯ ಬೆಂಚಿನ ಮೇಲೆ ಕೂತಿದ್ದಳು. ಅವಳ ಗಂಡ ಬೇವಿನ ಮರದಲ್ಲಿ ಮಾಡಿಸಿದ್ದ ಬೆಂಚು ಅದು. ಸುತ್ತಲಿನ ಹಟ್ಟಿಗಳಿಂದ ರಾಗಿ ಹೊತ್ತು ತರುವ ಹೆಂಗಸರು ಹಿಟ್ಟಾಗುವವರೆಗೆ ಅದರ ಮೇಲೆ ಕೂತು ಮಾತಾಡುತ್ತಾರೆ.

"ಗಿರಣಿ ಅಂತ ಬರುದ್ರೆ ಕೆಮ್ಮು ಉಳೀತದೆ. ಹೊಲಿಗೆ ಮಿಸನ್ನು ಅಂತ ಬರುದ್ರೆ ನಾಳೆ ಒಲೆ ಉರಿಯಲ್ಲ," ಎಂದಳು. "ನೀನೇ ಹೇಳು ಮುದ್ದಕ್ಕ, ಯಾವುದ್ನ ಬರೀಲಿ?"

ಹದಿನೆಂಟು ವರ್ಷ ರಾಜ್ಯಪತ್ರ ಓದಿದವಳು ನಾನು, ನಿನ್ನ ಮನಸ್ಸಿಗೆ ಬಂದದ್ದು ಬರಿ ಎಂದು ಹೇಳಿ ಎದ್ದು ಬಂದೆ. ಅವತ್ತು ಬೋಂಡಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಗಿರಾಕಿಗಳು ಯಾರೂ ಏನೂ ಅನ್ನದೆ ತಿಂದರು, ಅದು ಇನ್ನೂ ಬೇಜಾರು.

ವಿಚಾರಣೆಯ ದಿನ ಬಸ್ಸು ಊರ ಗಡಿಯ ಹುಣಸೆಮರ ದಾಟುತ್ತಲೇ ತೋಪಯ್ಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಸ್ಸು ಬಂತೆಂದು ಕೂಗಿದ. ಸಮಿತಿಯ ಅಧ್ಯಕ್ಷರು ಶಿವನಂಜಪ್ಪ ಎಂಬುವರು. ವಯಸ್ಸಾದವರು, ಮೆತ್ತಗೆ ಮಾತಾಡುವವರು, ಒಬ್ಬ ಗುಮಾಸ್ತೆಯನ್ನು ಕರೆದುಕೊಂಡು ಬಂದಿದ್ದರು. ಶಾಸಕರಾಗಿರುವುದರ ಜೊತೆಗೆ ಅವರು ವಕೀಲಿಯನ್ನೂ ಮಾಡುತ್ತಾರಂತೆ, ಆದ್ದರಿಂದ ಕರಿಕೋಟು ತೊಟ್ಟಿದ್ದರು. ಬಸ್ಸಿನಿಂದ ಇಳಿದಾಗ ಕೋಟು ಕರಿಯಾಗಿರಲಿಲ್ಲ. ಗುಮಾಸ್ತೆ ಎರಡು ಸಲ ಅದನ್ನು ನೋಡಿ, ದೂಳಿರಬೇಕೆಂದು ಕೈಯಿಂದ ಕೊಡವಿದ. ನಾನು ಯಾಕೂಬನ ಮುಖ ನೋಡಿದೆ. ಅವನು ಆಕಾಶ ನೋಡಿದ.

ಕೂರುವುದಕ್ಕೆ ಜಾಗವಿರುವುದು ಗಿರಣಿಯಲ್ಲೇ, ವಿಚಾರಣೆ ಅಲ್ಲೇ ನಡೆಯಿತು. ಅಧ್ಯಕ್ಷರು ಬೆಂಚಿನ ಮೇಲೆ ಕೂತು ಲಕೋಟೆಗಳನ್ನು ಒಂದೊಂದಾಗಿ ಒಡೆದು ಗಟ್ಟಿಯಾಗಿ ಓದತೊಡಗಿದರು. ಮೊದಲನೆಯದು ತೋಪಯ್ಯನದು. ಮುಖ್ಯ ವ್ಯಾಪಾರ: ಬಸ್ಸು ಬರುವುದನ್ನು ನೋಡಿ ಕೂಗಿ ಹೇಳುವುದು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. ದಿನಸಿ ಅಂಗಡಿ, ಮುಖ್ಯ ವ್ಯಾಪಾರ: ಹೊಲಕ್ಕೆ ಹೋಗುವವರ ಮನೆ ಬೀಗದ ಕೈ ಇಟ್ಟುಕೊಳ್ಳುವುದು. ಸೈಕಲ್ ಅಂಗಡಿ: ಶಾಲೆಗೆ ಹೋಗುವ ಹುಡುಗಿಯರ ಚಕ್ರಕ್ಕೆ ಗಾಳಿ, ಅದಕ್ಕೆ ದುಡ್ಡಿಲ್ಲ. ಕುಂಬಾರರದು: ಅಣ್ಣತಮ್ಮಂದಿರ ಜಗಳ ಬಿಡಿಸುವುದು, ಮುಖ್ಯವಾಗಿ ಸೋಮವಾರ.

ಇಡೀ ಬೀದಿಯಲ್ಲಿ ಒಬ್ಬರೂ ತಾವು ಹೊಟ್ಟೆ ಹೊರೆಯುವ ಕೆಲಸವನ್ನು ಬರೆದಿರಲಿಲ್ಲ. ಊರಿಗೆ ಯಾವುದು ಇಲ್ಲದಂತಾಗುತ್ತದೆ ಎಂದು ನಾನು ಕೇಳಿದ್ದೆ, ಅವರು ಅದಕ್ಕೇ ಉತ್ತರ ಬರೆದಿದ್ದರು. ಕಾಯ್ದೆ ಒಪ್ಪಿಗೆಯಾದ ಬೆಳಿಗ್ಗೆ ನಮ್ಮೂರಲ್ಲಿ ಅಕ್ಕಿ ಇರುವುದಿಲ್ಲ, ಕತ್ತರಿ ಇರುವುದಿಲ್ಲ, ಮಡಕೆ ಇರುವುದಿಲ್ಲ. ತೋಪಯ್ಯ ಮೆಟ್ಟಿಲ ಮೇಲೆ ನಿಂತು ಬಸ್ಸು ಬಂತೆಂದು ಕೂಗುತ್ತಿರುತ್ತಾನೆ, ಅಷ್ಟೆ. ಊರಿಗೆಲ್ಲ ಸರಿಯಾಗಿ ತುಂಬಿದ ಫಾರಂ ನನ್ನದೊಂದೇ. ಅಧ್ಯಕ್ಷರು "ಬೋಂಡ" ಎಂದು ಓದಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ನಾಚಿಕೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಕೊನೆಯ ಲಕೋಟೆ ಸಾವಂತ್ರಮ್ಮನದು. ಅದರಲ್ಲಿ ಒಂದೇ ಪದವಿತ್ತು. ಬೆಂಚು.

ಅಧ್ಯಕ್ಷರು ಫಾರಮನ್ನು ಮಡಿಲಲ್ಲಿಟ್ಟುಕೊಂಡು, "ನೀವು ಬೆಂಚು ಮಾರುತ್ತೀರೇನಮ್ಮ?" ಎಂದರು.

"ಇಲ್ಲ ಸ್ವಾಮಿ. ತಾವು ಕೂತಿದ್ದೀರಲ್ಲ, ಅದೇ," ಎಂದಳು ಸಾವಂತ್ರಮ್ಮ.

ಇದು ವ್ಯಾಪಾರ ಹೇಗಾಗುತ್ತದೆ ಎಂದು ಅವರು ಕೇಳಿದರು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ ಹಾಗಿತ್ತು. ಸಾವಂತ್ರಮ್ಮ ಒಮ್ಮೆ ಕೆಮ್ಮಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹಟ್ಟಿ ಹೆಂಗಸ್ರಿಗೆ ಈ ಊರಾಗೆ ಕುತ್ಕೊಳ್ಳಕ್ಕೆ ಇದೊಂದೇ ಜಾಗ ಐತೆ ಸ್ವಾಮಿ. ಹೊಲದಾಗೆ ನಿಂತಿರ್ತಾರೆ, ಮನೇಲೂ ನಿಂತಿರ್ತಾರೆ. ಇಲ್ಲಿ ಬಂದ್ರೆ ಹಿಟ್ಟಾಗೋ ಗಂಟ ಕುತ್ಕಂತಾರೆ. ನಮ್ಮ ಯಜಮಾನ್ರು ಹೋದಾಗ ತಿಂಗ್ಳುಗಟ್ಲೆ ಅವ್ರೇ ದಿನಕ್ಕೊಬ್ರು ಬಂದು ನನ್ ಪಕ್ಕ ಇದ್ರ ಮ್ಯಾಲೆ ಕೂತಿದ್ರು, ಬೀಸಾಕೆ ರಾಗಿ ಇಲ್ದಿದ್ರೂನೂವೆ. ಅದಕ್ಕೇ ಅದನ್ನ ಬರ್ದೆ."

"ಬೆಂಚು ಉಳಿದು ಮಿಕ್ಕಿದ್ದೆಲ್ಲ ಹೋದರೆ ನಿಮ್ಮ ಜೀವನ?"

"ಅದನ್ನೇ ನಾವೂ ಕೇಳ್ತಿರೋದು. ಹತ್ತು ಗಂಟೆಗೆ ಹಿಟ್ಟಿನೋರು ಹೋದ್ರೆ ಸಂಜೆ ಗಂಟ ಗಿರಣಿಗೆ ಯಾರೂ ಬರಲ್ಲ. ಒಂದು ವ್ಯಾಪಾರಕ್ಕೆ ಈ ಊರಾಗೆ ಅರ್ಧ ದಿನವೂ ತುಂಬಲ್ಲ ಸ್ವಾಮಿ. ಹಿಟ್ಟು ಒಂದು ಕಾಲು, ಹೊಲಿಗೆ ಒಂದು ಕಾಲು. ಎರಡು ಇದ್ರೇನೇ ಬೆಂಚು ನಿಲ್ಲೋದು." ಅಷ್ಟು ಹೇಳಿ ಅವಳು ಅವರ ಕೋಟನ್ನೇ ನೋಡಿದಳು. ಹೊಲಿಯುವವರ ಕಣ್ಣು. "ತಪ್ಪು ತಿಳೀಬೇಡಿ, ತಮ್ಮ ಕೋಟು ಬಣ್ಣ ಬಿಟ್ಟೈತೆ. ತೂಕಾನೂ ಇಲ್ಲ ಅನ್ಸುತ್ತೆ."

ಅಧ್ಯಕ್ಷರು ತೋಳು ನೋಡಿಕೊಂಡರು. ಕೋಟು ಬಿಚ್ಚಿ, ಗೋಡೆಯ ಮೊಳೆಗೆ ಹಾಕಲೆಂದು ಕೈ ಬಿಟ್ಟರು. ಅದು ಮೊಳೆಯ ಹತ್ತಿರವೂ ಹೋಗದೆ ಹಾಗೇ ಮೇಲಕ್ಕೆದ್ದು, ಗಿರಣಿಯ ಸೂರಿನಲ್ಲಿ ತೋಳು ಅಗಲಿಸಿಕೊಂಡು ನಿಂತಿತು. ಗುಮಾಸ್ತೆ ಬಾಯಿ ತೆರೆದ. ನಮ್ಮವರಿಗೆ ಇದು ದಿನದ ಪಾಡು, ಆದರೂ ಕಾಯ್ದೆ ಮಾಡುವವರಿಗೇ ಆದದ್ದನ್ನು ಯಾರೂ ನೋಡಿರಲಿಲ್ಲ. ತೋಪಯ್ಯ ಬಹಳ ವಿನಯದಿಂದ, ಅಂಗಡಿಯಲ್ಲಿ ಕಾಯಿ ಕೀಳುವ ದೋಟಿ ಇದೆ, ತರಲೇ ಎಂದ. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಅಧ್ಯಕ್ಷರೇ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು.

"ನನ್ನ ಮುಖ್ಯ ವ್ಯಾಪಾರ ಯಾವುದೆಂದು ನನ್ನನ್ನೂ ಕೇಳಬೇಕಾಗಿತ್ತು," ಎಂದರು ಕಣ್ಣೊರೆಸಿಕೊಳ್ಳುತ್ತ. ನನ್ನ ಅಂಗಡಿಗೆ ಬಂದು ಎರಡು ಬೋಂಡ ತಿಂದು, ಕೋಟಿನ ಜೇಬಿಗೆ ಕಲ್ಲು ತುಂಬಿಕೊಂಡು ಬಸ್ಸು ಹತ್ತಿದರು. ಏನು ಮಾಡುತ್ತೇನೆಂದು ಮಾತ್ರ ಹೇಳಲಿಲ್ಲ.

ಹದಿಮೂರು ದಿನ ಕಾದೆವು. ಸಾವಂತ್ರಮ್ಮ ಒರಳುಗಲ್ಲಿಗೆ ಇನ್ನೊಂದು ಗಂಟು ಹಾಕಿದಳು. ಹದಿನಾಲ್ಕನೆಯ ಬೆಳಿಗ್ಗೆ ಅಂಗಡಿಗೆ ಬಂದವಳು ಒಳಗೆ ಹೋಗಲಾರದೆ ನಿಂತೆ. ಬಾಗಿಲಿಗೆ ಅಡ್ಡವಾಗಿ ಒಂದು ಬೆಂಚು ಇತ್ತು. ಹೊಸ ಮರ, ಇನ್ನೂ ಬೇವಿನ ವಾಸನೆ. ಬೀದಿಯುದ್ದಕ್ಕೂ ನೋಡಿದೆ. ತೋಪಯ್ಯನ ಮುಂದೆ ಒಂದು, ಸೈಕಲ್ ಅಂಗಡಿಯ ಮುಂದೆ ಒಂದು, ದಿನಸಿ ಅಂಗಡಿಯ ಮುಂದೆ ಒಂದು. ಹಾಲಿಗೆ ಹೋಗುತ್ತಿದ್ದವರು ಆಗಲೇ ಕೂತು ನೋಡುತ್ತಿದ್ದರು. ನಾನು ಗಿರಣಿಗೆ ಓಡಿದೆ, ಈ ವಯಸ್ಸಿನಲ್ಲಿ. ಸಾವಂತ್ರಮ್ಮ ಹಗ್ಗ ಬಿಚ್ಚಿ ಎರಡೂ ಕೈಯಲ್ಲಿ ಹೊಲಿಗೆ ಯಂತ್ರ ಎತ್ತುವುದಕ್ಕೆ ನೋಡುತ್ತಿದ್ದಳು. ಆಗುತ್ತಿರಲಿಲ್ಲ. ಯಂತ್ರ ಕರ್ರಗೆ ಮಿಂಚುತ್ತಿತ್ತು. ಅವಳು ಮತ್ತೆ ಮತ್ತೆ ಎತ್ತಲು ಹೋಗಿ, ಆಗದೆ, ನಗುತ್ತಿದ್ದಳು.

ವಾರದ ರದ್ದಿಯಲ್ಲಿ ಕಾಯ್ದೆ ಬಂತು. ಹಳ್ಳಿಯ ಅಂಗಡಿಗಳು ತಮಗೆ ಬೇಕಾದಷ್ಟು ಬಗೆಯ ವ್ಯಾಪಾರ ನಡೆಸಬಹುದು, ಆದರೆ ಪ್ರತಿ ಅಂಗಡಿಯ ಮುಂದೆಯೂ ಯಾರು ಬೇಕಾದರೂ ಕೂರುವುದಕ್ಕೆ ಒಂದು ಬೆಂಚು ಇರತಕ್ಕದ್ದು. ಬೇರೆ ಊರುಗಳಲ್ಲಿ ಆ ಬೆಂಚುಗಳನ್ನು ಯಾರಾದರೂ ಮಾಡಿಸಿದರೋ ಇಲ್ಲವೋ ನಾನರಿಯೆ. ತಿಂಗಳೊಳಗೆ ನನಗೆ ರಾಜಧಾನಿಯಿಂದ ಇನ್ನೂ ಮೂರು ಕಾಗದ ಬಂದವು. ನನ್ನ ಖಾಲಿ ಹಾಳೆಗಳ ಮೇಲೆ ಅಕ್ಷರ ಮೂಡಿರಬೇಕು. ತಮ್ಮ ಆಕ್ಷೇಪಣೆ ಪರಿಶೀಲನೆಯಲ್ಲಿದೆ ಎಂದು ಮೂರರಲ್ಲೂ ಇತ್ತು.

ನನ್ನ ಅಂಗಡಿಗೆ ಹೋಗಬೇಕಾದರೆ ಈಗಲೂ ಬೆಂಚು ಹತ್ತಿ ಇಳಿಯಬೇಕು. ಮೊನ್ನೆ ಸಾವಂತ್ರಮ್ಮ ಬಂದು ಅದರ ಮೇಲೆ ಕೂತಳು. ಕೆಮ್ಮು ಕಡಿಮೆಯಾಗಿದೆ, ಬೆಳಗಿನ ಹೊತ್ತು ಗಿರಣಿಗೆ ತಮ್ಮ ಬರುತ್ತಾನೆ. ಒಂದು ಬೋಂಡ ಮುಗಿಯುವಷ್ಟರಲ್ಲಿ ಎರಡು ಸಲ ಮಗ್ಗುಲು ಬದಲಿಸಿದಳು.

"ಬಲು ಗಟ್ಟಿ ಕಣಕ್ಕ ಈ ಬೆಂಚು. ಬೆಂಚು ಅಂತ ಬರ್ದವ್ರೆ, ಮೆತ್ತೆ ಮರ್ತವ್ರೆ. ಒಂದು ಅರ್ಜಿ ಹಾಕು."

ನಾನು ಪೆನ್ನು ತೆಗೆದೆ. ಶಾಯಿ ಈಗ ಚೆನ್ನಾಗಿ ಕರ್ರಗೆ ಬರುತ್ತದೆ. ಆಮೇಲೆ ಬೀದಿಯಲ್ಲಿದ್ದ ಬೆಂಚುಗಳನ್ನು ಒಂದೊಂದಾಗಿ ನೋಡಿ ಪೆನ್ನಿನ ಮುಚ್ಚಳ ಹಾಕಿದೆ.

"ಅರ್ಜಿ ಹಾಕಿದ್ರೆ ನಾಳೆ ಬೆಳಿಗ್ಗೆ ಮೆತ್ತೆ ತಾನಾಗೇ ಬಂದು ಕೂತುಬಿಡ್ತವೆ," ಎಂದೆ. "ಇಪ್ಪತ್ತೊಂದು ಬೆಂಚು ಅವೆ ಕಣೇ. ಹೋಗು, ಅಳತೆ ತಗೊ."